ಹಳೆ ಕಲರ್ ಟಿವಿ ಬಿಚ್ಚುವ ಮುಂಚೆ

ಸಂಪಾದಕರಿಗೆ ನಮಸ್ಕಾರ.

ಭಾನುವಾರದ ಪುರವಣಿಯಲ್ಲಿ ಹಳೆ ಕಲರ್ ಟಿವಿಯನ್ನು ಮೀನಿನ ತೊಟ್ಟಿ ಮಾಡಿಕೊಂಡ ಮನೆಯೊಂದರ ಚಿತ್ರ ಬಂದಿತ್ತು. ನೋಡಲು ಚೆನ್ನಾಗಿತ್ತು. ಆದರೆ ಒಳಗಿದ್ದ ಪಿಕ್ಚರ್ ಟ್ಯೂಬನ್ನು, ಅಂದರೆ ಚಿತ್ರ ಮೂಡಿಸುವ ದೊಡ್ಡ ಗಾಜಿನ ಬುರುಡೆಯನ್ನು, ಹೇಗೆ ತೆಗೆದರು, ಎಲ್ಲಿ ಹಾಕಿದರು ಅನ್ನುವ ಬಗ್ಗೆ ಒಂದು ಸಾಲೂ ಇರಲಿಲ್ಲ. ಆ ಚಿತ್ರ ನೋಡಿ ಯಾವುದೋ ಹುಡುಗ ಮನೆಯಲ್ಲಿ ಯಾರೂ ಇಲ್ಲದಾಗ ಸ್ಕ್ರೂಡ್ರೈವರ್ ಹಿಡಿದು ಕೂತರೆ ಏನು ಗತಿ? ಎರಡು ದಿನದಿಂದ ಇದೇ ಯೋಚನೆ.

ನಾನು ದೂರವಾಣಿನಗರದ ಟೆಲಿಫೋನ್ ಮಾಡುತ್ತಿದ್ದ ಐಟಿಐ ಕಾರ್ಖಾನೆಯಲ್ಲಿ ವರ್ಷಗಟ್ಟಲೆ ಸೋಲ್ಡರಿಂಗ್ ಮಾಡಿದವಳು. ನಿವೃತ್ತಿಯಾದ ಮೇಲೆ ಹಳೆ ಕಲರ್ ಟಿವಿ ಸರಿಮಾಡುವ ಹವ್ಯಾಸ ಹತ್ತಿಕೊಂಡಿತು. ನಮ್ಮ ದೇಶಕ್ಕೆ ಬಣ್ಣದ ಟಿವಿ ಬಂದದ್ದು 1982ರಲ್ಲಿ, ದೆಹಲಿ ಏಷ್ಯನ್ ಗೇಮ್ಸ್ ನಡೆದ ವರ್ಷ. ನಮ್ಮ ಮನೆಗೆ ಬರುವಷ್ಟರಲ್ಲಿ ಇನ್ನೂ ಹತ್ತು ವರ್ಷ ಕಳೆದಿತ್ತು. 20 ಇಂಚಿನ ಬಿಪಿಎಲ್ ಸೆಟ್. 1996ರ ಮಾರ್ಚ್ 9ರಂದು ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ವೆಂಕಟೇಶ್ ಪ್ರಸಾದ್ ಪಾಕಿಸ್ತಾನದ ಆಮೀರ್ ಸೊಹೇಲ್‌ನ ಸ್ಟಂಪ್ ಹಾರಿಸಿದಾಗ ಇಡೀ ವಠಾರ ನಮ್ಮ ನಡುಮನೆಯಲ್ಲೇ ಕುಣಿದಿತ್ತು. ಅಟ್ಟದಿಂದ ಇಳಿಸಿ ನಾನು ಮೊದಲು ಸರಿಮಾಡಿದ್ದು ಅದನ್ನೇ. ಈಗ ಮನೆಯಲ್ಲಿ ಅಂಥ ನಾಲ್ಕು ಸೆಟ್‌ಗಳಿವೆ.

ಎರಡನೆಯ ಸೆಟ್‌ನಲ್ಲಿ ನನ್ನಿಂದ ದೊಡ್ಡ ತಪ್ಪಾಯಿತು. ಅದರ ಪ್ಲಗ್ ಕಿತ್ತು ಎರಡು ದಿನವಾಗಿತ್ತು. ಇನ್ನು ಕರೆಂಟ್ ಎಲ್ಲಿರುತ್ತದೆ ಅಂದುಕೊಂಡು ಟ್ಯೂಬಿನ ಬೆನ್ನ ಮೇಲಿರುವ ರಬ್ಬರ್ ಕ್ಯಾಪಿನ ಕೆಳಗೆ ಬೆರಳು ಹಾಕಿದೆ. ಭುಜದವರೆಗೆ ಹೊಡೆಯಿತು. ಕೈ ತಾನಾಗಿ ಹಿಂದಕ್ಕೆ ಹಾರಿ ಟ್ಯೂಬಿನ ಕುತ್ತಿಗೆಗೆ ಬಡಿಯಿತು. ಕುತ್ತಿಗೆ ಮುರಿದು ಸುಂಯ್ ಅಂತ ಗಾಳಿ ಒಳಗೆ ನುಗ್ಗಿತು. ಅಲ್ಲಿಗೆ ಟ್ಯೂಬ್ ಸತ್ತಿತು. ಅಂಗೈಗೆ ಮೂರು ಹೊಲಿಗೆ ಬಿತ್ತು. ಒಡೆದದ್ದು ಕುತ್ತಿಗೆಯ ತುದಿ ಮಾತ್ರ, ಮುಂಭಾಗದ ಗಾಜಲ್ಲ ಅನ್ನುವುದು ನನ್ನ ಪುಣ್ಯ. ಒಳಗೆ ಗಾಳಿಯೇ ಇಲ್ಲದ ಅಷ್ಟು ದೊಡ್ಡ ಗಾಜಿನ ಬುರುಡೆ ಕುಸಿದರೆ ಚೂರುಗಳು ಮುಖಕ್ಕೇ ಸಿಡಿಯುತ್ತವೆ.

ಆ ಕ್ಯಾಪಿಗೆ ಬರುವ ಅತಿ ಹೆಚ್ಚಿನ ವೋಲ್ಟೇಜ್, ಅಂದರೆ ಇಎಚ್‌ಟಿ, ಕಲರ್ ಸೆಟ್‌ನಲ್ಲಿ 20ರಿಂದ 25 ಸಾವಿರ ವೋಲ್ಟ್. ಟ್ಯೂಬಿನ ಗಾಜಿಗೆ ಒಳಗೊಂದು, ಹೊರಗೊಂದು ಕಪ್ಪು ಲೇಪನ ಇರುತ್ತದೆ. ಮಧ್ಯೆ ಗಾಜು. ಹಾಗಾಗಿ ಇಡೀ ಟ್ಯೂಬೇ ಕರೆಂಟ್ ಹಿಡಿದಿಟ್ಟುಕೊಳ್ಳುವ ಒಂದು ಕೆಪಾಸಿಟರ್ ಆಗಿಬಿಡುತ್ತದೆ. ಕೆಲವು ಹಳೆ ಸೆಟ್‌ಗಳಲ್ಲಿ ಪ್ಲಗ್ ಕಿತ್ತು ದಿನಗಳಾದರೂ ಅದು ಖಾಲಿಯಾಗಿರುವುದಿಲ್ಲ. ಈಗ ನಾನು ಉದ್ದ ಹಿಡಿಯ ಸ್ಕ್ರೂಡ್ರೈವರಿಗೆ ವೈರ್ ಕಟ್ಟಿ, ಅದರ ಇನ್ನೊಂದು ತುದಿಯನ್ನು ಟ್ಯೂಬಿನ ಹೊರಗೆ ಸುತ್ತಿರುವ ತಾಮ್ರದ ಜಡೆಗೆ ಸಿಕ್ಕಿಸುತ್ತೇನೆ. ಬೋರ್ಡಿನ ಗ್ರೌಂಡಿಗೆ ಸಿಕ್ಕಿಸಿದರೆ ಬೋರ್ಡಿನ ಮೇಲಿನ ಚಿಪ್‌ಗಳು, ಅಂದರೆ ಐಸಿಗಳು, ಹಾಳಾಗಿ ಹೋಗುತ್ತವೆ. ಎಡಗೈ ಬೆನ್ನ ಹಿಂದೆ ಇಟ್ಟುಕೊಂಡು, ಬಲಗೈಯಿಂದ ಕ್ಯಾಪಿನಡಿ ಮುಟ್ಟಿಸುತ್ತೇನೆ. ಟಪ್ ಅನ್ನುತ್ತದೆ. ಅಷ್ಟಕ್ಕೇ ಮುಗಿಯಲಿಲ್ಲ! ಗಾಜಿನಲ್ಲಿ ಉಳಿದದ್ದು ನಿಧಾನಕ್ಕೆ ಮತ್ತೆ ತುಂಬಿಕೊಳ್ಳುತ್ತದೆ. ಹತ್ತು ನಿಮಿಷ ಬಿಟ್ಟು ಇನ್ನೊಂದು ಸಲ ಮುಟ್ಟಿಸಬೇಕು.

ಪವರ್ ಸಪ್ಲೈಯ ದೊಡ್ಡ ಕೆಪಾಸಿಟರ್ ಇನ್ನೊಂದು ಅಪಾಯ. 230 ವೋಲ್ಟ್ ಎಸಿ ಅಲ್ಲಿ ಸುಮಾರು 320 ವೋಲ್ಟ್ ಡಿಸಿ ಆಗಿ ಕೂತಿರುತ್ತದೆ. ಅದನ್ನು 15 ವಾಟಿನ ಬಲ್ಬಿನಿಂದ ಖಾಲಿ ಮಾಡಿ, ಮೀಟರ್ ಇಟ್ಟು ನೋಡಿಯೇ ಕೈ ಹಾಕಬೇಕು. ಬೋರ್ಡಿನ ಆ ಭಾಗಕ್ಕೆ ಮನೆಯ ಕರೆಂಟ್ ನೇರವಾಗಿ ಬರುತ್ತದೆ. ಹಾಗಾಗಿ ಸೆಟ್ಟನ್ನು ಮನೆಯ ಲೈನಿನಿಂದ ಬೇರ್ಪಡಿಸುವ ಐಸೊಲೇಷನ್ ಟ್ರಾನ್ಸ್‌ಫಾರ್ಮರ್ ಇಲ್ಲದೆ ನಾನು ಯಾವ ಸೆಟ್ಟನ್ನೂ ಹಿಂಬದಿ ತೆರೆದು ಆನ್ ಮಾಡುವುದಿಲ್ಲ. ಎಸ್‌ಪಿ ರಸ್ತೆಯ ಎಲೆಕ್ಟ್ರಾನಿಕ್ಸ್ ಅಂಗಡಿಗಳಲ್ಲಿ ಕೇಳಿದರೆ ಸಿಗುತ್ತದೆ. ಬೆಲೆ ಜಾಸ್ತಿ ಅಂತ ಬಿಡಬೇಡಿ.

ವರ್ಷಗಟ್ಟಲೆ ಮೂಲೆಯಲ್ಲಿದ್ದ ಸೆಟ್ಟಿಗೆ ಮೊದಲ ದಿನವೇ ಪೂರ್ತಿ ಕರೆಂಟ್ ಕೊಡಬಾರದು. ಧೂಳು, ಜಿರಳೆ, ಹಲ್ಲಿ ಮೊಟ್ಟೆ ಎಲ್ಲವನ್ನೂ ಒಣ ಬ್ರಷ್‌ನಲ್ಲಿ ತೆಗೆದು, ಸೀರೀಸ್ ಬಲ್ಬ್, ಅಂದರೆ ಸೆಟ್ಟಿಗೆ ಕರೆಂಟ್ ಹೋಗುವ ದಾರಿಯಲ್ಲೇ ಒಂದು ಬಲ್ಬ್, ಹಾಕಿ ನೋಡಬೇಕು. ಬಲ್ಬ್ ಒಂದು ಕ್ಷಣ ಜೋರಾಗಿ ಉರಿದು ಮಂಕಾದರೆ ಭಯವಿಲ್ಲ. ಅದು ಪರದೆಯ ಕಾಂತತ್ವ ತೆಗೆಯುವ ಡೀಗಾಸ್ ಕಾಯಿಲ್ ಎಳೆದ ಕರೆಂಟ್. ಉರಿಯುತ್ತಲೇ ಇದ್ದರೆ ಎಲ್ಲೋ ಶಾರ್ಟ್ ಇದೆ. ಇದಕ್ಕೆ ಬೇಕಾದ ಹಳೆ ಕಾಲದ ತಂತಿಯ (ಫಿಲಮೆಂಟ್) ಬಲ್ಬ್ ಸಿಗುವುದೇ ಈಗ ಕಷ್ಟ. ನಾನು ಆರು ಕೊಂಡು ಇಟ್ಟಿದ್ದೇನೆ.

ಸರಿಹೋಗದ ಟ್ಯೂಬನ್ನು ಖಾಲಿ ಸೈಟಿಗೆ ಎಸೆಯಬೇಡಿ, ಕಸದ ಆಟೋಗೂ ಹಾಕಬೇಡಿ. ಆ ಗಾಜಿನಲ್ಲಿ ಸೀಸ ಇದೆ. ಕೊನೆಗೆ ಅದು ಒಡೆಯುವುದು ಪೌರಕಾರ್ಮಿಕರ ಕೈಯಲ್ಲೇ ಅಲ್ವಾ? ಇ-ತ್ಯಾಜ್ಯ ತೆಗೆದುಕೊಳ್ಳುವವರಿಗೇ ಕೊಡಬೇಕು.

ಇಷ್ಟನ್ನೂ ನನಗೆ ಹೇಳಿಕೊಟ್ಟದ್ದು ನಮ್ಮ ರಸ್ತೆಯ ಹಳೆಯ ಮೆಕ್ಯಾನಿಕ್ ಒಬ್ಬರು, ಅದೂ ಹೊಲಿಗೆ ಬಿದ್ದ ಮೇಲೆ. ಈಗ ಅವರ ಅಂಗಡಿ ಇಲ್ಲ, ಅವರಿಗೆ ಕಣ್ಣೂ ಮಂಜಾಗಿದೆ. ಇಎಚ್‌ಟಿಯ ಸದ್ದು ಕೇಳಿಯೇ ದೋಷ ಹೇಳಬಲ್ಲ ಅಂಥವರು ಈ ಊರಿನಲ್ಲಿ ಇನ್ನೂ ಇದ್ದಾರೆ, ಎಲ್ಲರಿಗೂ ವಯಸ್ಸಾಗಿದೆ. ಇತ್ತ ಸಂಡೇ ಬಜಾರಿನಲ್ಲಿ ಹಳೆ ಸೆಟ್ ಹೊತ್ತುಕೊಂಡು ಹೋಗುವ ಹುಡುಗ ಹುಡುಗಿಯರನ್ನೂ ನೋಡುತ್ತಿದ್ದೇನೆ. ಆ ಆಸೆ ನನಗೆ ಅರ್ಥವಾಗುತ್ತದೆ. ಸತ್ತ ಪರದೆಯಲ್ಲಿ ಮತ್ತೆ ಬಣ್ಣ ಬಂದಾಗ ಆಗುವ ಖುಷಿ ದೊಡ್ಡದು.

ಕಸ್ತೂರಬಾ ರಸ್ತೆಯ ವಿಶ್ವೇಶ್ವರಯ್ಯ ಮ್ಯೂಸಿಯಂ ಆಗಲಿ, ಯಾವುದಾದರೂ ಪಾಲಿಟೆಕ್ನಿಕ್ ಆಗಲಿ, ತಿಂಗಳಿಗೊಂದು ಭಾನುವಾರ ಒಂದು ಕೋಣೆ ಬಿಟ್ಟುಕೊಟ್ಟರೆ ಆ ಹಳೆಯ ಮೆಕ್ಯಾನಿಕ್‌ಗಳೂ ಈ ಹುಡುಗ ಹುಡುಗಿಯರೂ ಒಂದೇ ಮೇಜಿನ ಸುತ್ತ ಕೂರಬಹುದು. ದಯವಿಟ್ಟು ಈ ಮಾತನ್ನು ಅವರಿಗೆ ಮುಟ್ಟಿಸಿ. ಮುರಿದ ಕುತ್ತಿಗೆಯ ಆ ಟ್ಯೂಬ್ ನನ್ನ ಹತ್ತಿರವೇ ಇದೆ, ತೋರಿಸಲು ತರುತ್ತೇನೆ. ಟ್ರಾನ್ಸ್‌ಫಾರ್ಮರ್, ಬಲ್ಬ್ ಕೂಡ ನನ್ನವೇ. ಕಲಿಯಲು ಬರುವವರು ರಬ್ಬರ್ ಅಟ್ಟೆಯ ಚಪ್ಪಲಿ ಹಾಕಿಕೊಂಡು, ಉಂಗುರ, ಬಳೆ, ವಾಚು ಮನೆಯಲ್ಲೇ ಬಿಚ್ಚಿಟ್ಟು ಬರಲಿ.

— ನಿಮ್ಮ ಓದುಗಿ, ರಾಮಮೂರ್ತಿನಗರ, ಬೆಂಗಳೂರು