ಆ ರೋಲ್ ಹಾಳು ಮಾಡಿದ್ದು ನಾನೇ, ಪುಟ್ಟಿ

ಪ್ರೀತಿಯ ಪುಟ್ಟಿಗೆ,

ಶನಿವಾರ ರಾತ್ರಿ ಫೋನಿನಲ್ಲಿ ಏನೇನು ಮಾತಾಯಿತೋ ಅದನ್ನೆಲ್ಲ ಮತ್ತೆ ಬರೆಯುವುದಿಲ್ಲ. ರೈಲಿನಲ್ಲಿ ಮೊಬೈಲ್ ಕಳೆದುಕೊಂಡು ಅಳುತ್ತಿದ್ದ ಮಗಳನ್ನು ಊಟ ಆಯ್ತಾ ಅಂತಲೂ ಕೇಳದೆ ಬೈದೆ. ತಪ್ಪಾಯಿತು. ಆದರೆ ಅಷ್ಟು ರೇಗಿದ್ದು ನಿನ್ನ ಮೇಲಲ್ಲ. ‘ಹಂಪಿಯಲ್ಲಿ ಅಜ್ಜಿ ಕೂತಿದ್ದ ಕಲ್ಲಿನ ರಥದ ಹತ್ತಿರವೇ ನಿಂತು ಫೋಟೋ ತೆಗೆಸಿಕೊಂಡಿದ್ದೆ ಅಪ್ಪಾ, ಅದೂ ಹೋಯ್ತು’ ಅಂದೆಯಲ್ಲ, ಆಗ ನನಗೆ ತಡೆಯಲಾಗಲಿಲ್ಲ.

2001ರ ಡಿಸೆಂಬರ್. ನಿನಗೆ ನಾಲ್ಕು ವರ್ಷ. ಅಜ್ಜಿ ಸಾಗರ ಬಿಟ್ಟು ಅಷ್ಟು ದೂರ ಹೋಗಿದ್ದು ಅದೊಂದೇ ಸಲ. ಗೆಳೆಯನ ಹತ್ತಿರ ಕ್ಯಾಮೆರಾ ಕೇಳಿ ತಂದಿದ್ದೆ. 36 ಫೋಟೋದ ಒಂದೇ ಫಿಲ್ಮ್ ರೋಲ್. ಒಂದೊಂದನ್ನೂ ಲೆಕ್ಕ ಹಾಕಿ ತೆಗೆಯುತ್ತಿದ್ದೆ. ‘ಇನ್ನೆಷ್ಟು ಉಳಿದಿದೆಯೋ?’ ಅಂತ ಅಜ್ಜಿ ಕೇಳುತ್ತಲೇ ಇದ್ದರು.

ವಿರೂಪಾಕ್ಷ ದೇವಸ್ಥಾನದ ಆ ಕತ್ತಲೆ ಕೋಣೆಯನ್ನು ನೀನೂ ಈಗ ನೋಡಿ ಬಂದಿದ್ದೀಯ. ಸಣ್ಣ ಕಿಂಡಿಯಿಂದ ಬೆಳಕು ಬಂದು ಗೋಪುರದ ನೆರಳು ಗೋಡೆಯ ಮೇಲೆ ತಲೆಕೆಳಗಾಗಿ ಬೀಳುತ್ತದೆ. ಕ್ಯಾಮೆರಾ ಒಳಗೆ ನಡೆಯುವುದೂ ಅದೇ. ಅಜ್ಜಿ ಅಲ್ಲಿಂದ ಕದಲಲೇ ಇಲ್ಲ. ಅದರ ಫೋಟೋ ಬೇಕು ಅಂದರು. ಫ್ಲಾಶ್ ಹಾಕಿದರೆ ನೆರಳೇ ಕಾಣುವುದಿಲ್ಲ ಅಂದೆ. ‘ಹಾಗಾದ್ರೆ ನನ್ನದೇ ತೆಗಿ, ಬಂದು ನೋಡಿದ್ದೆ ಅಂತಾದ್ರೂ ಇರ್ಲಿ’ ಅಂದರು. ಬಾಗಿಲ ಹತ್ತಿರ ನಿಲ್ಲಿಸಿ ತೆಗೆದೆ. ಆಮೇಲೆ ವಿಠ್ಠಲ ದೇವಸ್ಥಾನದಲ್ಲಿ, ರಥದ ಮುಂದಿನ ಕಲ್ಲಾನೆಯ ಪಕ್ಕ ನಿನ್ನನ್ನು ತೊಡೆ ಮೇಲೆ ಕೂರಿಸಿಕೊಂಡಿದ್ದು. ಅದು ಮೂವತ್ತಾರನೆಯದು.

ಮರುದಿನ ಬೆಳಿಗ್ಗೆ ಹೊಸಪೇಟೆಯ ಲಾಡ್ಜ್. ರೋಲ್ ಮುಗಿದ ಮೇಲೆ ಕೆಳಗಿನ ಗುಂಡಿ ಒತ್ತಿ, ಹಿಡಿಕೆ ತಿರುಗಿಸಿ, ಪೂರ್ತಿ ಡಬ್ಬಿಯೊಳಕ್ಕೆ ಸುತ್ತಿಕೊಂಡ ಮೇಲೇ ಹಿಂದಿನ ಮುಚ್ಚಳ ತೆಗೆಯಬೇಕು, ಇಲ್ಲದಿದ್ದರೆ ಬೆಳಕು ಬಿದ್ದು ಫೋಟೋ ಹಾಳಾಗುತ್ತದೆ. ಗೆಳೆಯ ಎರಡೆರಡು ಸಲ ಹೇಳಿದ್ದ. ನಾನು ಬಾಲ್ಕನಿಯಲ್ಲಿ ನಿಂತು ಸುಮ್ನೆ ತೆಗೆದುಬಿಟ್ಟೆ. ಕಂದು ಬಣ್ಣದ ಫಿಲ್ಮ್ ಬಿಸಿಲಿಗೆ ಮಿಂಚಿತು. ತಕ್ಷಣ ಮುಚ್ಚಿದೆ. ಮೂರು ಸೆಕೆಂಡ್ ಇರಬಹುದು. ಮೊದಲು ತೆಗೆದ ಫೋಟೋಗಳು ಸುರುಳಿಯ ಒಳಗಿರುತ್ತವೆ, ಕೊನೆಯವು ಹೊರಗೆ. ಹಾಗಾಗಿ ಮನೆ ಮುಂದೆ, ಬಸ್ ಸ್ಟ್ಯಾಂಡಿನಲ್ಲಿ ತೆಗೆದ ಐದು ಉಳಿದವು. ಹಂಪಿಯದು ಒಂದೂ ಉಳಿಯಲಿಲ್ಲ.

ಸ್ಟುಡಿಯೋದವರು ತೊಳೆಯುವಾಗ ಹಾಳು ಮಾಡಿದರು ಅಂತ ಮನೆಯಲ್ಲಿ ಹೇಳಿದೆ. ‘ಪಾಪ, ಬೇಕಂತ ಮಾಡಿದ್ರಾ? ಬೈಯಕ್ಕೆ ಹೋಗ್ಬೇಡ’ ಅಂದರು ಅಜ್ಜಿ. ಆಗಲೂ ನಾನು ಬಾಯಿ ಬಿಡಲಿಲ್ಲ. 2009ರಲ್ಲಿ ಅವರು ಹೋದಾಗ ಗೋಡೆಗೆ ಹಾಕಲು ಒಂದು ಒಳ್ಳೆ ಫೋಟೋ ಇರಲಿಲ್ಲ. ವೋಟರ್ ಐಡಿಯದನ್ನೇ ದೊಡ್ಡದು ಮಾಡಿಸಿದೆವು. ಅದರಲ್ಲಿ ಅವರು ಹೆದರಿಕೊಂಡು ನೋಡುತ್ತಿದ್ದಾರೆ. ಅವರು ಹಾಗಿರಲಿಲ್ಲ ಪುಟ್ಟಿ. ಆ ಕಲ್ಲಾನೆಯ ಪಕ್ಕ ಕೂತು ನಗುತ್ತಿದ್ದರು. ಅದು ನನಗೆ ಮಾತ್ರ ಗೊತ್ತು. ನಿನ್ನ ಅಮ್ಮನಿಗೂ ಸರಿಯಾಗಿ ನೆನಪಿಲ್ಲ.

ಇನ್ನೊಂದು ವಿಷಯ. ಗ್ರೀನ್‌ಲಾ ಅನ್ನುವ ಬ್ರಿಟಿಷ್ ಸೇನಾಧಿಕಾರಿ 1856ರಲ್ಲಿ ಹಂಪಿಯ ಫೋಟೋ ತೆಗೆದಿದ್ದ. ಮೇಣ ಹಚ್ಚಿದ ಕಾಗದವೇ ಅವನ ನೆಗೆಟಿವ್. ಆ ಚಿತ್ರದಲ್ಲಿ ಕಲ್ಲಿನ ರಥದ ಮೇಲೆ ಇಟ್ಟಿಗೆಯ ಶಿಖರ ಇದೆ. ಈಗ ಅದಿಲ್ಲ. ಐವತ್ತರ ನೋಟಿನ ಮೇಲಿರುವ ರಥದಲ್ಲೂ ಇಲ್ಲ. ಅವನು ತೆಗೆಯದೇ ಇದ್ದಿದ್ದರೆ ಆ ಶಿಖರ ಹೇಗಿತ್ತು ಅಂತ ನಾನೂ ನೀನೂ ನೋಡುತ್ತಿದ್ದೆವಾ? ಕಲ್ಲೇ ಹಾಗಾದರೆ ಮನುಷ್ಯರದೇನು ಹೇಳು.

ಅದಕ್ಕೇ ಹೇಳುತ್ತೇನೆ, ಕೋಪ ಮಾಡಿಕೊಳ್ಳಬೇಡ. ಮೊದಲು ನಿನ್ನ ಗೆಳತಿಯರ ಮೊಬೈಲಿನಲ್ಲಿ ಇರುವುದನ್ನೆಲ್ಲ ಇವತ್ತೇ ತರಿಸಿಕೋ. ವಾಟ್ಸಾಪಿನಲ್ಲಿ ಮಾಮೂಲಿ ಫೋಟೋ ಥರ ಕಳಿಸಿದರೆ ಗುಣಮಟ್ಟ ಇಳಿಯುತ್ತದೆ, ಡಾಕ್ಯುಮೆಂಟ್ ಅಂತ ಕಳಿಸಲು ಹೇಳು. ಹೊಸ ಫೋನಿನಲ್ಲಿ ಬ್ಯಾಕಪ್ ಆನ್ ಮಾಡು, ಇನ್ನೊಂದು ಪ್ರತಿ ಹಾರ್ಡ್ ಡಿಸ್ಕಿನಲ್ಲಿ ಇರಲಿ. ಸಾವಿರ ತೆಗೆದರೂ ಹತ್ತನ್ನು ಪ್ರಿಂಟ್ ಹಾಕಿಸು. ಹಿಂದೆ ಪೆನ್ಸಿಲಿನಲ್ಲಿ, ಒತ್ತದೆ, ಯಾರು, ಎಲ್ಲಿ, ಯಾವ ಇಸವಿ ಅಂತ ಬರೆ. ಅಂಟು ಹಾಳೆಯ ಆಲ್ಬಮ್ ಬೇಡವೇ ಬೇಡ, ನಮ್ಮೂರ ಮಳೆಗಾಲಕ್ಕೆ ಫೋಟೋ ಅಂಟಿಕೊಂಡು ಕಿತ್ತುಬರುತ್ತದೆ. ನೋಡು, ಮತ್ತೆ ಶುರು ಮಾಡಿದೆ. ಆದರೂ ಅಳಿಸುವುದಿಲ್ಲ, ಇದರಲ್ಲಿ ಸುಳ್ಳೇನೂ ಇಲ್ಲ.

ನೀನೇ ಟಿಕೆಟ್ ಮಾಡಿಸಿ, ಅಜ್ಜಿಯ ಜಾಗ ಹುಡುಕಿಕೊಂಡು ಹೋದೆ. ನಾನು ಯಾವತ್ತೋ ಹೇಳಿದ್ದನ್ನು ನೆನಪಿಟ್ಟುಕೊಂಡೆ. ಅದನ್ನು ಕೇಳಿ ಎಷ್ಟು ಖುಷಿಯಾಯಿತು ಅಂತ ಅವತ್ತು ಹೇಳಬೇಕಿತ್ತು.

ಇದರ ಜೊತೆ ಒಂದು ಫೋಟೋ ಇಟ್ಟಿದ್ದೇನೆ. ನಮ್ಮ ಮನೆ ಬಾಗಿಲಿನದು. ಅಜ್ಜಿ ಬೀಗ ಜಗ್ಗಿ ನೋಡುತ್ತಿದ್ದಾರೆ, ನೀನು ಸೆರಗು ಹಿಡಿದು ನಿಂತಿದ್ದೀಯ. ಅಂಚಿನಲ್ಲಿ ಇರುವ ಕಿತ್ತಳೆ ಬಣ್ಣದ ಪಟ್ಟೆ ಏನು ಅಂತ ಚಿಕ್ಕವಳಿದ್ದಾಗ ನೀನು ಕೇಳಿದ್ದೆ. ಫೋಟೋ ಹಳೆಯದಾಗಿದೆ ಅಂತ ನಾನು ಅಂದಿದ್ದೆ. ಅಲ್ಲ ಮಗಳೇ. ಅದು ಹೊಸಪೇಟೆಯ ಬಿಸಿಲು.

ನಿನ್ನ
ಅಪ್ಪ