ಲೋ ಮಂಜ, ಕೊನೆಗೂ ತಗೊಂಡೆ

ಲೋ ಮಂಜ,

ತಗೊಂಡೆ ಕಣೋ. ಫೋಟೋ ನೋಡಿ ನೀನು ಕಳಿಸಿದ ಆ ಒಂದೇ ಒಂದು ಪದವನ್ನು ಇಲ್ಲಿ ಹಾಕೋಕಾಗಲ್ಲ, ನಮ್ಮ ಮೇಷ್ಟ್ರೂ ಇದನ್ನೆಲ್ಲ ಓದ್ತಾರೆ. "ಅಂಕಲ್, ನಾಯಿ ಹುಷಾರು" ಅಂತ ನಿನ್ನ ಮಗಳು ಬೇರೆ ಮೆಸೇಜ್ ಹಾಕಿದ್ದಾಳೆ.

ರಾಯಲ್ ಎನ್‌ಫೀಲ್ಡ್ ಬೈಕು, ಹಿಮಾಲಯನ್ 450. 2025ರ ಸೆಪ್ಟೆಂಬರ್ 22ಕ್ಕೆ 350 ಸಿಸಿವರೆಗಿನ ಬೈಕುಗಳ ಜಿಎಸ್‌ಟಿ ಶೇ. 28ರಿಂದ 18ಕ್ಕೆ ಇಳಿದು ಊರೆಲ್ಲ ಹಬ್ಬ ಮಾಡ್ತಿದ್ದಾಗ ನನ್ನ ಮನಸ್ಸು ಕೂತಿದ್ದು 452 ಸಿಸಿ ಮೇಲೆ. ಅದಕ್ಕೆ ಶೇ. 40. ಈ ನಂಬರ್ ಏಳರ, ಅಂದ್ರೆ ನನ್ನ, ಹಣೆಬರಹ. ಗಾಡಿ ತೂಕ 196 ಕೆ.ಜಿ., ಸೀಟಿನ ಎತ್ತರ 825 ಮಿಲಿಮೀಟರ್. ತುದಿಗಾಲಲ್ಲಿ ನಿಂತು ಪಕ್ಕದ ಮನೆ ಕಾಂಪೌಂಡ್ ಇಣುಕೋನ ಹಾಗೆ ಕೂತಿದ್ದೆ. "ನಿಮ್ಮನ್ನ ಅದು ಓಡಿಸುತ್ತೆ ಬಿಡಿ" ಅಂದಳು ನಮ್ಮನೆಯವಳು.

ಈ ಜಾಕೆಟ್ ಜನರನ್ನು ಇಷ್ಟು ವರ್ಷ ಆಡಿಕೊಂಡವನು ನಾನೇ ಅನ್ನೋದು ಎಲ್ಲರಿಗೂ ಗೊತ್ತು. ಕೆಂಗೇರಿ ದಾಟದ ಗಾಡಿಗೆ ಟಿಬೆಟಿನ ಬಾವುಟ. ಒಂದು ಮಸಾಲೆ ದೋಸೆಗೆ ಅರವತ್ತು ಕಿಲೋಮೀಟರ್, ಅದಕ್ಕೆ ಮಂಡಿಗೂ ಮೊಣಕೈಗೂ ಕವಚ. ನೆತ್ತಿ ಮೇಲೊಂದು ಕ್ಯಾಮೆರಾ, ಅದರಲ್ಲಿ ಎರಡು ಗಂಟೆ ಕೆಎಸ್‌ಆರ್‌ಟಿಸಿ ಬಸ್ಸಿನ ಬೆನ್ನು. ಆಮೇಲೆ ಲಡಾಖಿನ ಖರ್ದುಂಗ್ ಲಾ ಬೋರ್ಡಿನ ಮುಂದೆ ಕೈಯೆತ್ತಿ ನಿಂತ ಫೋಟೋ. ಬೋರ್ಡಿನಲ್ಲಿ ಬಹಳ ಕಾಲ 18,380 ಅಡಿ ಅಂತಿತ್ತು, ನಿಜವಾದ ಎತ್ತರ 17,582. ಎಂಟುನೂರು ಅಡಿ ಸುಳ್ಳು ನೋಡೋಕೆ ಅಷ್ಟು ದೂರ ಹೋಗ್ಬೇಕಾ ಅಂತ ನಗ್ತಿದ್ದೆ. ಈಗ ನನ್ನ ಬೀರುವಿನಲ್ಲೂ ಜಾಕೆಟ್ ನೇತಾಡ್ತಿದೆ. ಹಾಕಿಕೊಂಡರೆ ರಾಗಿ ಮೂಟೆಗೆ ಜಿಪ್ ಹೊಲಿಸಿದ ಹಾಗೆ ಕಾಣ್ತೀನಿ.

ಯೆಜ್ಡಿ ಮತ್ತೆ ಬಂದಿದೆಯಲ್ಲ, ಅದ್ಯಾಕೆ ಬೇಡ ಅಂತ ಕೇಳಿದೆ ನೀನು. ಕೇಳಬಾರದಿತ್ತು. 2022ರಲ್ಲಿ ಆ ಹೆಸರು ಮತ್ತೆ ರಸ್ತೆಗಿಳಿದಾಗಲೇ ನೋಡೋಕೆ ಹೋಗಿದ್ದೆ. ಟ್ಯಾಂಕ್ ಮೇಲಿನ ಅಕ್ಷರ ಕಂಡದ್ದೇ ತಡ, ಅಂಗೈ ಬೆವೆತು ಹೊರಗೆ ಬಂದೆ. ಪಾರ್ಕಿಂಗ್ ಸಿಗಲಿಲ್ಲ ಅಂತ ನಿನಗೆ ಹೇಳಿದೆ. ಮಾವನ ಹಳೇ ಯೆಜ್ಡಿ ರೋಡ್‌ಕಿಂಗ್ ಕಣ್ಮುಂದೆ ಬಂದಿತ್ತು ಕಣೋ. ಮೈಸೂರಿನ ಯಾದವಗಿರಿಯ ಯೆಜ್ಡಿ ಫ್ಯಾಕ್ಟರಿ 1996ರಲ್ಲಿ ಮುಚ್ಚಿದ ಮೇಲೂ, ನನ್ನ ಕೈಯಲ್ಲೇ ಜೋಡಿಸಿದ್ದು ಅಂತ ವಾರಕ್ಕೊಮ್ಮೆ ಅದರ ಎರಡೂ ಸೈಲೆನ್ಸರ್ ಉಜ್ಜಿ ಹೊಳೆಸ್ತಿದ್ದರು. ಕಿಕ್ಕರ್ರೂ ಗೇರ್ ಲಿವರ್ರೂ ಒಂದೇ ಆಗಿದ್ದ ಆ ಗಾಡಿ ಪಳಗೋಕೆ ನಮಗೊಂದು ಬೇಸಿಗೆ ರಜೆ ಪೂರ್ತಿ ಹಿಡಿದಿತ್ತು.

ಹೋದ ಭಾನುವಾರ ಮೈಸೂರಿಗೆ ಹೋಗಿದ್ದೆ. ಎಕ್ಸ್‌ಪ್ರೆಸ್‌ವೇಗೆ 2023ರ ಆಗಸ್ಟ್‌ನಿಂದ ಬೈಕ್ ಬಿಡಲ್ಲವಲ್ಲ. ಇಂಜಿನ್ನಿನ ನಲವತ್ತು ಕುದುರೆಗಳನ್ನೂ ಸರ್ವಿಸ್ ರೋಡಿನಲ್ಲಿ ಕಬ್ಬಿನ ಟ್ರ್ಯಾಕ್ಟರ್ ಹಿಂದೆ ಮೇಯಿಸಿಕೊಂಡು ಹೋದೆ. ಸಂಜೆ ಚಾಮುಂಡಿ ಬೆಟ್ಟ. ಏಳು ಗಂಟೆಗೆ ಕೆಳಗೆ ಅರಮನೆ ದೀಪ ಹತ್ತಿತು. ಇಳಿಯುವಾಗ ಒಂದನೇ ಗೇರು ಬಿಟ್ಟು ಮೇಲೆ ಹೋಗಲಿಲ್ಲ. ಸ್ಕೂಟಿಯಲ್ಲಿ ಬಂದ ಅಜ್ಜಿಯೊಬ್ಬರು ಹಾರ್ನ್ ಹೊಡೆದು ಮುಂದೆ ಹೋದರು. ಆ ತಿರುವಿನಲ್ಲಿ ನಿಲ್ಲಿಸಿ, ಹೆಲ್ಮೆಟ್ ತೆಗೆದು, ಸುಮ್ಮನೆ ನಿಂತೆ.

ನಾಯಿ ಇರಲಿಲ್ಲ ಕಣೋ. ಮೊನ್ನೆಯ ಮಾತಲ್ಲ, ನಾವು ಬಿದ್ದ ಅವತ್ತು.

ಪೆಟ್ರೋಲ್ ಉಳಿಸೋಕೆ ಇಂಜಿನ್ ಆಫ್ ಮಾಡಿ ನ್ಯೂಟ್ರಲ್‌ನಲ್ಲಿ ಬಿಟ್ಟಿದ್ದೆ, ಅದು ನಿನಗೂ ಗೊತ್ತು. ನೀನು ಹಿಂದೆ ಕೂತು ದೀಪ ನೋಡ್ತಿದ್ದೆ. ನಾನು ಎರಡೂ ಕೈ ಬಿಟ್ಟಿದ್ದೆ. ಯಾಕೆ ಅಂದ್ರೆ ಏನು ಹೇಳಲಿ, ಇಪ್ಪತ್ತೊಂದು ವಯಸ್ಸು, ಗಾಳಿ. ತಿರುವಿನಲ್ಲಿ ಹಿಡಿಯೋಕೆ ಹೋದಾಗ ಬಲಗೈಗೆ ಬ್ರೇಕ್ ಸಿಕ್ಕಿತು, ಎಡಗೈಗೆ ಏನೂ ಸಿಗಲಿಲ್ಲ. ನಿನ್ನ ಮಂಡಿ ಕಂಡ ಕೂಡಲೇ ಬಾಯಿಗೆ ಬಂದದ್ದು ನಾಯಿ. ಆಸ್ಪತ್ರೆಯಲ್ಲಿ ನಿಮ್ಮಮ್ಮ ಕೇಳಿದಾಗ ಕಂದು ಬಣ್ಣ ಅಂದೆ. ನಿಮ್ಮಪ್ಪ ಬರೋ ಹೊತ್ತಿಗೆ ಅದರ ಒಂದು ಕಿವಿ ಹರಿದಿತ್ತು. ನಿಮ್ಮಮ್ಮ ಅದರ ವಂಶಕ್ಕೆಲ್ಲ ಶಾಪ ಹಾಕ್ತಿದ್ದರೆ ನಾನು ಹೂಂಗುಟ್ಟುತ್ತಾ ನಿಂತಿದ್ದೆ.

ಮೂರು ವಾರಕ್ಕೆ ನಿನ್ನ ಪೊಲೀಸ್ ಪಿಎಸ್‌ಐ ಆಯ್ಕೆಯ ಓಟವಿತ್ತು. "ಬಿಡೋ, ನಾಯಿಗೇನು ಗೊತ್ತು" ಅಂದೆ ನೀನು. ಇಪ್ಪತ್ತಾರು ವರ್ಷ ಆ ಮಾತು ನನ್ನನ್ನು ಬೈಕಿನ ಹತ್ತಿರ ಬಿಡಲಿಲ್ಲ. ಸೈಟಿನ ಸಾಲ, ಮಗನ ಫೀಸು, ಜಾಕೆಟ್ ಜನರ ತಮಾಷೆ, ನಾನು ಹೇಳಿದ ನೆಪಗಳೆಲ್ಲ ಆ ನಾಯಿಯದೇ ಮರಿಗಳು. ಈ ದೀಪಾವಳಿಗೆ ನೀನು "ತಗೊಂಡುಬಿಡೋ, ಹಿಂದೆ ಕೂರೋಕೆ ನಾನಿದ್ದೀನಿ" ಅಂದೆಯಲ್ಲ, ಅವತ್ತು ರಾತ್ರಿ ನಿದ್ದೆ ಬರಲಿಲ್ಲ. ಬುಕ್ ಮಾಡಿದ್ದು ಮರುದಿನ ಬೆಳಿಗ್ಗೆ. ಧೈರ್ಯ ಬಂದು ಮಾಡಿದೆನೋ, ನಿದ್ದೆಗೆಟ್ಟು ಮಾಡಿದೆನೋ.

ಹೋಗಲಿ. ನಾನು ಕೂತದ್ದು ಮೈಲೇಜ್ ಬಗ್ಗೆ ಬರೆಯೋಕೆ. ಮೂವತ್ತರ ಹತ್ತಿರ ಕೊಡ್ತಿದೆ, ಟ್ಯಾಂಕ್ 17 ಲೀಟರ್, ಲೆಕ್ಕದ ಮೇಷ್ಟ್ರು ನೀನು, ಗುಣಿಸಿಕೋ. ಇಂಜಿನ್ ಆಫ್ ಮಾಡಿ ಇಳಿಸೋ ಅಭ್ಯಾಸ ಬಿಟ್ಟಿದ್ದೀನಿ. ಫೋನ್ ಮಾಡು, ಆ ಒಂದು ಪದವನ್ನೇ ಇನ್ನೊಮ್ಮೆ ಹೇಳು. ಹೆಲ್ಮೆಟ್ಟಿಗೆ ಬ್ಲೂಟೂತ್ ಹಾಕಿಸಿದ್ದೀನಿ, ಎರಡು ಕಿವಿಗೂ ಸ್ಪಷ್ಟವಾಗಿ ಕೇಳುತ್ತೆ.

ಇಂತಿ ನಿನ್ನ,
ನಂಬರ್ ಏಳು

ಮರೆತಿದ್ದೆ: ನಿಮ್ಮಮ್ಮನಿಗೆ ಮಾತ್ರ ಇದನ್ನು ಓದಿ ಹೇಳಬೇಡ. ಅವರ ಶಾಪ ಇನ್ನೂ ವಿಳಾಸ ಸಿಗದೆ ಅಲೀತಾ ಇರುತ್ತೆ.