ಹೇಳಿದಳು, ಹೇಳಿದರು

ವಿಜಯಪುರ

ಪ್ರೀತಿಯ ತಮ್ಮನಿಗೆ,

ಬೆಳಗಾವಿ ಜಿಲ್ಲೆಯ ಖಾನಾಪುರ ತಾಲೂಕಿನ ಸಿದ್ದಿಗಳ ಬಗ್ಗೆ ನೀನು ಕಳುಹಿಸಿದ ಲೇಖನ ಓದಿದೆ. ‘ಬುಡಕಟ್ಟು’ ಎನ್ನಲೋ, ‘ಆದಿವಾಸಿ’ ಎನ್ನಲೋ, ‘ಮೂಲನಿವಾಸಿ’ ಎನ್ನಲೋ ಎಂದು ಕೇಳಿದ್ದೀಯ. ಅದಕ್ಕೂ ಮೊದಲು ನಿನ್ನ ಎರಡನೆಯ ಪುಟ ನೋಡು. ತಹಶೀಲ್ದಾರರು ‘ತಿಳಿಸಿದರು’, ಅರಣ್ಯಾಧಿಕಾರಿ ‘ವಿವರಿಸಿದರು’. ಎಪ್ಪತ್ತು ದಾಟಿದ ಸಿದ್ದಿ ಅಜ್ಜಿ ಮಾತ್ರ ‘ಹೇಳಿದಳು’. ಕನ್ನಡದಲ್ಲಿ ಅಗೌರವ ನುಸುಳುವುದು ಹೆಚ್ಚಾಗಿ ಇಲ್ಲಿಂದಲೇ. ಹೆಸರನ್ನು ಎಷ್ಟೇ ಎಚ್ಚರದಿಂದ ಆರಿಸಿದರೂ ಯಾರು ದೊಡ್ಡವರು, ಯಾರು ಸಣ್ಣವರು ಎಂಬ ನಮ್ಮ ಒಳಗಿನ ಲೆಕ್ಕವನ್ನು ಕ್ರಿಯಾಪದದ ಕೊನೆಯ ಅಕ್ಷರ ಬಯಲು ಮಾಡುತ್ತದೆ. ಎಲ್ಲರಿಗೂ ‘ರು’ ಹಚ್ಚು. ಇಲ್ಲವೇ ತಹಶೀಲ್ದಾರನೂ ‘ಹೇಳಿದ’ ಎಂದು ಬರೆ. (ಸಂಪಾದಕರು ಬಿಡುವುದಿಲ್ಲ, ಗೊತ್ತು.)

ಇನ್ನು ಹೆಸರಿನ ಮಾತು. ಅವರು ತಮ್ಮನ್ನು ಸಿದ್ದಿಗಳು ಎಂದುಕೊಳ್ಳುತ್ತಾರೆ, ನೀನೂ ಹಾಗೆಯೇ ಬರೆ. ವಾಕ್ಯಕ್ಕೊಮ್ಮೆ ‘ಬುಡಕಟ್ಟಿನ’ ಎಂಬ ವಿಶೇಷಣ ಬೇಡ. ‘ಮೂಲನಿವಾಸಿ’ ಎಂದರೆ ಸಂಗತಿಯೇ ತಪ್ಪಾಗುತ್ತದೆ. ಅವರ ಪೂರ್ವಜರು ಆಫ್ರಿಕಾದವರು. ಪೋರ್ಚುಗೀಸರು ಗುಲಾಮರನ್ನಾಗಿ ಗೋವಾಕ್ಕೆ ತಂದವರು ಅವರಲ್ಲಿ ಬಹಳ. ಹಾಗೆಂದು ‘ಆಫ್ರಿಕಾದವರು’ ಎಂದು ಬರೆದು, ತಲೆತಲಾಂತರದಿಂದ ಇಲ್ಲಿಯೇ ಬಾಳಿದವರನ್ನು ಪರದೇಶಿಗಳನ್ನಾಗಿಸಬೇಡ.

‘ಪರಿಶಿಷ್ಟ ಪಂಗಡ’ ಎಂಬುದು ಕಾನೂನಿನ ಪದ. ಮೀಸಲಾತಿ, ಪ್ರಮಾಣಪತ್ರಗಳ ವಿಷಯ ಬಂದಾಗ ಬಳಸು, ಇಸವಿ ಸಮೇತ ಬಳಸು. ಉತ್ತರ ಕನ್ನಡದ ಸಿದ್ದಿಗಳು 2003ರಲ್ಲಿ ಆ ಪಟ್ಟಿ ಸೇರಿದರು. ಬೆಳಗಾವಿ, ಧಾರವಾಡ ಜಿಲ್ಲೆಗಳವರು ಸೇರಿದ್ದು 2020ರಲ್ಲಿ. ಅದೇ ಜನ, ಅದೇ ಕಾಡು, ನಡುವೆ ಜಿಲ್ಲೆಯ ಗಡಿ. ಲೇಖನದ ಜೀವಾಳ ಅಲ್ಲಿತ್ತು. ನೀನು ಅರ್ಧ ಪುಟವನ್ನು ಅವರ ಗುಂಗುರು ಕೂದಲಿಗೆ ಕೊಟ್ಟೆ! ಅದನ್ನು ಪೂರ್ತಿ ತೆಗೆ.

ಮುಂದಿನ ಬರಹಕ್ಕೆ ನಮ್ಮ ಕಡೆಯ ತಾಂಡಾಗಳಿಗೆ ಬರುತ್ತೇನೆ ಎಂದಿದ್ದೀಯ. ಬಾ. ಆದರೆ ಲಂಬಾಣಿಗರು ಕರ್ನಾಟಕದಲ್ಲಿ ಪರಿಶಿಷ್ಟ ಜಾತಿ, ತೆಲಂಗಾಣದಲ್ಲಿ ಪರಿಶಿಷ್ಟ ಪಂಗಡ, ಮಹಾರಾಷ್ಟ್ರದಲ್ಲಿ ವಿಮುಕ್ತ ಜಾತಿ ಎಂಬುದು ನೆನಪಿರಲಿ. ಬ್ರಿಟಿಷರು 1871ರ ಕಾಯ್ದೆಯಲ್ಲಿ ಹಚ್ಚಿದ ‘ಅಪರಾಧಿ ಬುಡಕಟ್ಟು’ ಎಂಬ ಹಣೆಪಟ್ಟಿ 1952ರಲ್ಲಿ ರದ್ದಾಗಿದೆ; ‘ವಿಮುಕ್ತ’ ಎಂದರೆ ಅದರಿಂದ ಬಿಡುಗಡೆಯಾದವರು. ಹಳೆಯ ದಾಖಲೆಯಿಂದ ಎತ್ತಿ ಬರೆಯುವಾಗ ಮಾತ್ರ, ಅದೂ ಉದ್ಧರಣ ಚಿಹ್ನೆಯೊಳಗೆ ಅದು ಬರಲಿ. ಇತಿಹಾಸದ ಹೆಸರುಗಳ ಮಾತು ಬೇರೆ: 1857ರಲ್ಲಿ ಆಯುಧ ಒಪ್ಪಿಸಲು ಒಪ್ಪದೆ ಕಾದಿದವರು ಲಾವಣಿಯಲ್ಲಿಯೂ ಜನರ ಬಾಯಲ್ಲಿಯೂ ಹಲಗಲಿಯ ಬೇಡರೇ. ಆದರೆ ಇಂದು ಆ ಊರಿನಲ್ಲಿ ನಿನಗೆ ಚಹಾ ಕೊಡುವವರು ನಾಯಕ ಎನ್ನುತ್ತಾರೋ ವಾಲ್ಮೀಕಿ ಎನ್ನುತ್ತಾರೋ, ಅವರನ್ನೇ ಕೇಳು.

ಹೊರದೇಶದವರಿಗೂ ಇದೇ ಮಾತು. ‘ರೆಡ್ ಇಂಡಿಯನ್’ ಬಿಟ್ಟು ನವಾಹೊ, ಚೆರೋಕಿ ಎಂದು ಬರೆ. ‘ಎಸ್ಕಿಮೊ’ ಇದ್ದಲ್ಲೆಲ್ಲ ‘ಇನುಯಿಟ್’ ಹಾಕಿದರೂ ಸರಿಯಾಗುವುದಿಲ್ಲ. ಅಲಾಸ್ಕಾದ ಯುಪಿಕ್ ಜನ ಬೇರೆ.

ಚಿತ್ರದ ಕೆಳಗೆ ‘ಸಾಂಪ್ರದಾಯಿಕ ಉಡುಗೆಯಲ್ಲಿ ಸಿದ್ದಿ ಮಹಿಳೆಯರು’ ಎಂದಿದೆ. ನಾಲ್ವರೂ ಒಪ್ಪಿದರೆ ಅವರವರ ಹೆಸರು ಹಾಕು. ಪುಟದಲ್ಲಿ ಜಾಗ ಸಾಲದಿದ್ದರೆ ತಹಶೀಲ್ದಾರರ ಹೇಳಿಕೆಯಲ್ಲಿ ಎರಡು ಸಾಲು ಕಡಿಮೆ ಮಾಡು.

ನಿನ್ನ ಅಣ್ಣ